ಇತರೆ

ಬೋರಾ ಗಾಳಿಯ ದಿನ ಟ್ರಿಯೆಸ್ತೆಯಲ್ಲಿ
ನನ್ನ ತಂಬಾಕಿನಂಗಡಿಗೆ ಯಾರು ಬಂದರೂ
ಬಾಗಿಲಿಗೆ ಹೆಗಲು ಕೊಟ್ಟೇ ಮುಚ್ಚಬೇಕು.
ಹಾಗೆ ಮುಚ್ಚಿ ಏದುಸಿರಲ್ಲಿ ನಿಂತಳು ನೆರೀನಾ,
ಆಸ್ಪತ್ರೆಯ ಹೊದಿಕೆಗಳಿಗೆ ಇಸ್ತ್ರಿ ಹಾಕುವವಳು,
ಕೈಯಲ್ಲಿ ಗ್ಯಾಸ್ ಬಿಲ್ಲಿನ ಲಕೋಟೆ.

"ದ್ರಾಗೊ, ಆ ಕಾರ್ಡು ಮಾರ್ತೀಯಲ್ಲ,
ಮೊದಲೇ ದುಡ್ಡು ತುಂಬಿಸಿಡೋದು,
ಅದು ನನ್ನಂಥವಳಿಗೆ ಆಗಿಬರುತ್ತಾ?"

ಲಕೋಟೆಯ ಬೆನ್ನಿಗೆ ಮೂರು ತಿಂಗಳ ಲೆಕ್ಕ:
ಬ್ರೆಡ್ಡು, ಬಸ್ಸು, ಬಾಡಿಗೆ,
ಬೆಕ್ಕಿನ ಮೂತ್ರಪಿಂಡಕ್ಕೆ ಮಾತ್ರೆ,
ಗೊರಿಝಿಯದ ತಂಗಿಯನ್ನು ನೋಡಲು ಭಾನುವಾರದ ರೈಲು.
ಅಕ್ಷರವೂ ಅವಳ ಇಸ್ತ್ರಿಯ ಹಾಗೆ, ಒಂದು ಸುಕ್ಕಿಲ್ಲ.
ಕೊನೆಗೆ ಮಾತ್ರ, ಅಂಚಿಗೆ ಒತ್ತಿಕೊಂಡು,
ಇತರೆ.
ನೂರಾ ನಲವತ್ತು. ನೂರಾ ಎಂಬತ್ತು. ಇನ್ನೂರಾ ಹತ್ತು.

ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದೆ,
ಅಗತ್ಯವಿರಲಿಲ್ಲ.

ವ್ಯಾಪಾರಿ ನಾನು, ಗುಣ ಹೇಳಿದೆ:
ಇದ್ದಷ್ಟೇ ಖರ್ಚು, ಸಾಲ ಹುಟ್ಟುವುದಿಲ್ಲ,
ಕಳೆದುಹೋದರೆ ಅದರೊಳಗಿದ್ದಷ್ಟೇ ಹೋದೀತು.
ದೋಷವನ್ನೂ ಹೇಳಿದೆ, ಕೊಂಚ ತಗ್ಗಿದ ದನಿಯಲ್ಲಿ:
ತುಂಬಿಸುವಾಗಲೆಲ್ಲ ಎರಡು ಯೂರೋ,
ಯಂತ್ರದಿಂದ ನೋಟು ತೆಗೆದರೆ ಇನ್ನಷ್ಟು,
ಹೋಟೆಲಿನವರು ಕಂಡರೆ ಮುಖ ಸಿಂಡರಿಸುತ್ತಾರೆ.
"ನಾನ್ಯಾವ ಹೋಟೆಲಿಗೆ!" ನಕ್ಕಳು.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ.
ಈ ಹಾಸಿಗೆಯನ್ನು ಪ್ರತಿ ಸಲ ಬಿಚ್ಚಿ ಹಾಸುವುದಕ್ಕೂ ಕೂಲಿ.

"ಶುಕ್ರವಾರ ಶುಕ್ರವಾರ ಐವತ್ತು ತುಂಬಿಸ್ತೀನಿ.
ಮುಗೀತು ಅಂದ್ರೆ ಮುಗೀತು.
ನನಗೊಂದು ಬೇಲಿ ಬೇಕು ಕಣೋ.
ಎಲ್ಲಿ ತುಂಬಿಸೋದು?"
"ಇಲ್ಲೇ."

ಆ 'ಇಲ್ಲೇ' ನಮ್ಮಿಬ್ಬರ ನಡುವಿನ ಗಾಜಿನ ಮೇಲೆ ಬಿತ್ತು.
ಗಾಜಿನಡಿ ಸಾಲಾಗಿ ಕೆರೆದು ನೋಡುವ ಲಾಟರಿಗಳು,
ಚಿನ್ನದ ಮೀನಿನದು, ಏಳು ಗೋಪುರದ್ದು, ಹಸಿರು ಕಪ್ಪೆಯದು.
ಅವಳ ಹೆಬ್ಬೆರಳುಗುರಿನಲ್ಲಿ ಇನ್ನೂ ನಿನ್ನೆಯ ಬೆಳ್ಳಿಪುಡಿ.
ಮೂರು ತಿಂಗಳ 'ಇತರೆ'ಯನ್ನು
ಸುರುಳಿಯಿಂದ ಹರಿಹರಿದು ಕೊಟ್ಟದ್ದು ಇದೇ ಕೈ.
ಬೇಲಿ ಹೊಲ ಮೇಯುವುದು ಹೀಗೇ ಇರಬೇಕು,
ಮೆತ್ತಗೆ, ರಸೀದಿ ಕೊಟ್ಟು.

ನನಗೂ ಅಂಗಡಿ ಬಾಡಿಗೆ ಇದೆ.
ಒಂದು ಬಸ್ಸು ಹೋಗುವಷ್ಟು ಹೊತ್ತು ಸುಮ್ಮನಿದ್ದೆ.
ಆಮೇಲೆ ಅಂದೆ,
"ಮೂಲೆಯ ಅಂಚೆ ಕಚೇರೀಲೂ ತುಂಬಿಸ್ತಾರೆ.
ಸಾಲು ಉದ್ದ. ಗುಮಾಸ್ತ ಸಿಡುಕ.
ಗಾಜಿನಡಿ ಏನೂ ಇಲ್ಲ."

ನೆರೀನಾ ಗಾಜು ನೋಡಿದಳು, ನನ್ನನ್ನು ನೋಡಿದಳು,
ನನ್ನ ಪೆನ್ನನ್ನೇ ಎತ್ತಿಕೊಂಡು
'ಇತರೆ'ಯ ಪಕ್ಕ ಏನೋ ಬರೆದಳು, ತೋರಿಸಲಿಲ್ಲ.
ಕಾರ್ಡಿನ ಅರ್ಜಿ ಮಡಚಿ ಜೇಬಿಗಿಟ್ಟುಕೊಂಡಳು.
ಹೋದ ಮೇಲೆ ಬಾಗಿಲಿಗೆ ನಾನೇ ಹೆಗಲು ಕೊಟ್ಟೆ.

ಪೆನ್ನು ಅವಳ ಜೊತೆ ಹೋಯಿತು.
ಶುಕ್ರವಾರ ವಾಪಸು ತಂದಾಳು ಎಂದು ಕಾಯುತ್ತಿದ್ದೇನೆ,
ತರದಿರಲಿ ಎಂದೂ.