ಎರಡು ಕೊಂಬು

ಒಂಬತ್ತನೇ ಬಿ ಸೆಕ್ಷನ್ನಿನ
ಮೂವತ್ತೊಂದು ಪ್ರಾಜೆಕ್ಟಿನಲ್ಲೂ ಒಂದೇ ಎತ್ತು:
'ನಮ್ಮ ಒಂಟಿಗಾಣದ ಬೀದಿಯಲ್ಲಿ ಹಿಂದೆ
ಒಂದು ಕರಡು ಎತ್ತು ಗಾಣ ಸುತ್ತುತ್ತಿತ್ತು.'

ಕುರುಡು ಎತ್ತು ಕಣ್ರೋ, ಕುರುಡು, ಎಂದೆ.
ಕೊಂಬು ಎರಡೂ ಎಲ್ಲಿ ಬಿದ್ದುಹೋದವು?
ಯಾರೂ ನಗಲಿಲ್ಲ.
ಯಾರದು ನೋಡಿ ಬರೆದಿರಿ ಅಂದರೆ
ಇದ್ರೀಸ್ ಡೆನ್ಸಿಲ್‌ನನ್ನು ನೋಡಿದ,
ಡೆನ್ಸಿಲ್ ಫ್ಯಾನನ್ನು.

ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ಮೂಲ.
ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು.
ಪೇಟೆಯ ತಿರುವು ತಿರುವಿಗೂ
ಮೂಲವ್ಯಾಧಿಯ ಬೋರ್ಡು ಓದುತ್ತಾ
ಅಕ್ಷರ ಕಲಿತ ಮಕ್ಕಳು.

'ಋಷಿಮೂಲ ನದಿಮೂಲ ಹುಡುಕಬಾರದಂತೆ ಮಿಸ್,
ನಮ್ಮಜ್ಜಿ ಹೇಳ್ತಾರೆ,' ಎಂದಳು ಸೆಲ್ವರಾಣಿ.
ನೋಡು, ಈಗ ಮಾಡಿದೆಯಲ್ಲ, ಅದೇ.
ಮಾತು ಹೇಳಿದೆ, ಯಾರದೆಂದೂ ಹೇಳಿದೆ.
ಇನ್ನು ನದಿಯ ವಿಷಯ:
ಮೂಲ ಮರೆತ ವೃಷಭಾವತಿಯನ್ನು
ಈ ಊರು ಮೋರಿ ಅಂತಲೇ ಕರೆಯುತ್ತದೆ.

ಎತ್ತಿನ ಹೆಜ್ಜೆ ಹಿಡಿದು ಹೊರಟೆವು.
ಗೇಟಿನೆದುರು ಅಮ್ಜದ್ ಭಾಯಿಯ ಜೆರಾಕ್ಸ್ ಅಂಗಡಿ,
ಪ್ರಾಜೆಕ್ಟಿಗೆ ಇಪ್ಪತ್ತು ರೂಪಾಯಿ,
ಬಣ್ಣದ ಹೊದಿಕೆ ಬೇಕಾದರೆ ಇನ್ನೈದು.
'ನಾನು ಟೈಪ್ ಮಾಡೋನಷ್ಟೇ ಮೇಡಂ,
ಇದರಲ್ಲಿ ಹೀಗೇ ಇದೆ,' ಎಂದು
ಲ್ಯಾಮಿನೇಷನ್ ಮಿಷಿನ್ನಿನ ಅಲುಗಾಡುವ ಕಾಲಿಗೆ
ಒತ್ತುಕೊಟ್ಟಿದ್ದ ಪುಸ್ತಕ ಎಳೆದುಕೊಟ್ಟರು.
ತರುಣರ ಸಂಘದ ಬೆಳ್ಳಿಹಬ್ಬದ ಸಂಚಿಕೆ.
ಪುಟ ಹದಿನಾಲ್ಕು.
ಮೇಲರ್ಧ ಸೀರೆ ಅಂಗಡಿಯ ಶುಭಾಶಯ,
ಕೆಳಗರ್ಧ ಕರಡು ಎತ್ತು,
ಅದರ ಕಾಲಬುಡದಲ್ಲಿ ಬರೆದವರ ಹೆಸರು.

ಸೆಲ್ವರಾಣಿ ಗಟ್ಟಿಯಾಗಿ ಓದಿದಳು.
ನನ್ನ ಹೆಸರು.
ಮದುವೆಗೆ ಮುಂಚಿನ ಇನಿಷಿಯಲ್ಲು ಸಮೇತ.

ಪ್ರೆಸ್ಸಿನವರ ತಪ್ಪು ಎನ್ನಬಹುದಿತ್ತು.
ಆದರೆ ಕಾಟನ್‌ಪೇಟೆಯ ಆ ಪ್ರೆಸ್ಸಿನಲ್ಲಿ
ಮೂರು ಕಾಲಿನ ಸ್ಟೂಲಿನ ಮೇಲೆ ಕೂತು
ಕರಡು ತಿದ್ದಿದವಳೂ ನಾನೇ.
ಇಪ್ಪತ್ತೆರಡು ವರ್ಷ ಆ ಎತ್ತು
ಬೋಳಾಗಿ ಸುತ್ತಿದೆ, ಮಕ್ಕಳ ಕೈಯಿಂದ ಮಕ್ಕಳ ಕೈಗೆ.

'ನಿಮಗೆ ಯಾರು ಹೇಳಿದ್ದು ಮಿಸ್?'

ಎಣ್ಣೆ ಅಂಗಡಿಯ ಜಗುಲಿ.
ಬೀಡಿ ಹಚ್ಚದೆ ಬೆರಳಲ್ಲೇ ಇಟ್ಟುಕೊಂಡಿದ್ದ ಒಬ್ಬರು.
ಕಣ್ಣಿಲ್ಲದ ಎತ್ತಿಗೂ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರಂತೆ,
ಕಟ್ಟದಿದ್ದರೆ ಅದು ಹೆಜ್ಜೆ ಎತ್ತುತ್ತಿರಲಿಲ್ಲವಂತೆ.
ಆ ಮಾತನ್ನು ಲೇಖನದಲ್ಲಿ ಬಿಟ್ಟೆ, ಜಾಗವಿರಲಿಲ್ಲ.
ಹೆಸರು ಕೇಳಲಿಲ್ಲ, ಬಸ್ಸು ಬಂದಿತ್ತು.

ಸೋಮವಾರ ಎಲ್ಲರೂ ಹೊಸದಾಗಿ ಬರೆದು ತಂದರು.
ಯಾರು, ಎಲ್ಲಿ, ಯಾವಾಗ, ಎಷ್ಟನೇ ಪುಟ.
ಕೆಲವರು ಅಜ್ಜಿಗೂ ಪುಟಸಂಖ್ಯೆ ಹಾಕಿದ್ದರು.
ಸೆಲ್ವರಾಣಿಯ ಹಾಳೆ:

'ಕುರುಡು ಎತ್ತು. ಕೊಂಬು ಎರಡೂ ಇವೆ.
ಹೇಳಿದವರು ಮಿಸ್.
ಮಿಸ್‌ಗೆ ಹೇಳಿದವರು ಒಬ್ಬರು.
ಗುರುವಾರ, ಜೆರಾಕ್ಸ್ ಅಂಗಡಿಯ ಮುಂದೆ,
ಮೂರನೇ ಪೀರಿಯಡ್ ಅರ್ಧ ಮುಗಿದಿತ್ತು.
ಎಣ್ಣೆ ಅಂಗಡಿ ಈಗ ಮೊಬೈಲ್ ಕವರ್ ಅಂಗಡಿ.
ಬರುವ ಭಾನುವಾರ ನಾನು, ಇದ್ರೀಸ್ ಹೋಗಿ
ಆ ಸಾಲಿನ ಮನೆಗಳಲ್ಲಿ ಕೇಳುತ್ತೇವೆ.'

ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
'ಒಬ್ಬರು' ಎಂಬುದನ್ನಷ್ಟೇ ಹೊಡೆದು ಹಾಕಿ
ಪಕ್ಕದಲ್ಲಿ ಚುಕ್ಕೆ ಚುಕ್ಕೆ ಗೆರೆ ಎಳೆದೆ,
ಒಂದು ಹೆಸರು ಹಿಡಿಯುವಷ್ಟು ಉದ್ದ.