ಸಹಿ ಹಾಕಿದ ಕಾಗದದಲ್ಲಿ ಇಲ್ಲದ್ದು

ಡಾಕ್ಟ್ರೇ, ನೀವು ಓದಿ ಹೇಳಿದ್ದೀರಿ, ನಾನು ಕೇಳಿದ್ದೇನೆ,
ಸುಳ್ಳು ಹೇಳಬಾರದು.
ಹಂಪನಕಟ್ಟೆಯ ಮೂರನೇ ಮಾಳಿಗೆಯಲ್ಲಿ
ಎ.ಸಿ.ಯ ನೀರು ಬಕೆಟಿಗೆ ತೊಟ್ಟಿಕ್ಕುತ್ತಿತ್ತು,
ತೊಟ್ಟಿಗೊಂದರಂತೆ ನಿಮ್ಮ ಪಟ್ಟಿ:
ಬಾಯಿಹುಣ್ಣು, ವಸಡಿನ ಊತ, ಹಲ್ಲಿನ ಮೇಲೆ ಬಿಳಿ ಕಲೆ,
ಬೇರು ಸ್ವಲ್ಪ ಮೊಟಕಾಗುವ ಸಂಭವ.
ಸಂಭವ ಎಂಬ ಶಬ್ದದ ಕೆಳಗೆ
ಗ್ರೇಶನ್ ಮಥಾಯಸ್, ವಯಸ್ಸು ನಲವತ್ತೊಂದು ಎಂದು ಬರೆದು
ಅಂಗಡಿಯ ಪೆನ್ನಿನಲ್ಲೇ ಸಹಿ ಹಾಕಿದೆ.

ಬಂದರಿನ ಆ ಅಂಗಡಿಯಲ್ಲಿ ನಾನು ತಂತಿ ಮಾರುವವನು.
ಜಿ.ಐ., ಬೈಂಡಿಂಗ್, ತಾಮ್ರ, ಮುಳ್ಳುತಂತಿ,
ಕೆಲವು ಕಿಲೋ ಲೆಕ್ಕ, ಕೆಲವು ಮೀಟರ್ ಲೆಕ್ಕ.
ತಂತಿಯ ಗುಣ ನನಗೆ ಗೊತ್ತು:
ಬಗ್ಗಿಸಿದರೆ ಬಗ್ಗುತ್ತದೆ, ಬಿಟ್ಟರೆ ಸಿಟ್ಟು ತೀರಿಸುತ್ತದೆ.
ಅದೇ ಬಾಯೊಳಗೆ ಬಂದು ಕೂತ ಬೆಳಿಗ್ಗೆ
ಧಣಿ ಮೋನಾಕ ನಕ್ಕರು:
"ಸ್ಟಾಕ್ ಯಾಕೆ ಕಮ್ಮಿ ಬರ್ತದೆ ಅಂತ ಈಗ ಗೊತ್ತಾಯ್ತು ಮಾರಾಯ."

ಮೊದಲ ವಾರ ಗಂಜಿ. ಎರಡನೇ ವಾರವೂ ಗಂಜಿ.
ಆಮೇಲೆ ಕೋರಿ ರೊಟ್ಟಿ ಸಾರಿನಲ್ಲಿ ಮುಳುಗಿ ಸೋಲೊಪ್ಪುವ ತನಕ
ಗಲ್ಲಕ್ಕೆ ಮುಷ್ಟಿ ಕೊಟ್ಟು ಕಾಯುವುದು;
ಅಷ್ಟರಲ್ಲಿ ಮನೆಯವರ ಕೈ ತೊಳೆದು ಒಣಗಿರುತ್ತಿತ್ತು.
ಕುಸ್ವಾರಿನ ತಟ್ಟೆ ಬಂದರೆ
ಕಿಡಿಯೊ, ಚಕ್ಕುಲಿ, ಎಳ್ಳುಂಡೆ ಎಲ್ಲ ದಾಟಿ
ಬೆರಳು ಹೋಗಿ ನಿಲ್ಲುತ್ತಿದ್ದದ್ದು ಕೇಕಿನ ಮೇಲೆ.
ಬೂತಾಯಿಯ ಮುಳ್ಳೊಂದು ನಾಲ್ಕು ದಿನ
ಬಾಡಿಗೆ ಕೊಡದೆ ಸಂದಿಯಲ್ಲಿ ಕೂತಿತ್ತು.
ತಂತಿಯ ತುದಿ ಕೆನ್ನೆಯ ಒಳಗೆ ಚುಚ್ಚಿ
ನಡುರಾತ್ರಿ ನಾನು ಕಟಿಂಗ್ ಪ್ಲೇಯರ್ ಎತ್ತಿಕೊಂಡದ್ದು,
ಐರಿನ್ ಕಸಿದುಕೊಂಡದ್ದು,
ನಿಮಗೆ ಹೇಳಿಲ್ಲ. ಬೈತೀರಿ ಅಂತ.

ಆದರೆ ಇದೆಲ್ಲ ಹೆಚ್ಚುಕಮ್ಮಿ ಕಾಗದದಲ್ಲಿತ್ತು. ತಕರಾರಿಲ್ಲ.

ಇಲ್ಲದ್ದು ಹೇಳುತ್ತೇನೆ.
ಮೇಲಿನ ಮುಂದಿನ ಎರಡು ಹಲ್ಲು
ಸಿಟಿ ಬಸ್ಸಿನಲ್ಲಿ ಒಂದೇ ಸೀಟು ಹಂಚಿಕೊಂಡವರ ಹಾಗೆ
ಒಂದರ ಮೇಲೊಂದು ವಾಲಿ ಕೂತಿದ್ದವು.
ಪಪ್ಪನಿಗೂ ಹಾಗೆಯೇ.
ಟ್ರಂಪೆಟಿನ ಬಾಯಿ ಆ ಓರೆಯಲ್ಲಿ ಒರಗಿ
ಗಾಳಿ ಕೂದಲೆಳೆಯಷ್ಟು ಎಡಕ್ಕೆ ಜಾರಿ
ಹುಟ್ಟುತ್ತಿದ್ದ ಸ್ವರ,
ಸ್ವಲ್ಪ ಶೀತ ಹಿಡಿದ ಹಾಗೆ, ಸ್ವಲ್ಪ ನಗು ತಡೆದ ಹಾಗೆ.
ವಾಮಂಜೂರಿನಿಂದ ಕುಲಶೇಖರದ ತನಕ
ಯಾವ ಬ್ಯಾಂಡಿನವನೂ ಕಣ್ಣು ಮುಚ್ಚಿ ಹೇಳುತ್ತಿದ್ದ,
ಇದು ಬೊನಿಫಾಸನದ್ದು.
ಪಪ್ಪ ಹೋದ ಮೇಲೆ ಮನೆ ಅಣ್ಣನಿಗೆ,
ಇದು ನನಗೆ.

ನಿಮ್ಮ ತಪ್ಪಿಲ್ಲ.
ಸಂದಿಗೆ ಬ್ರಶ್ ಹೋಗದೆ ರಕ್ತ ಬರುತ್ತಿತ್ತು,
ಹತ್ತು ವರ್ಷದಲ್ಲಿ ಎರಡೂ ಉದುರುತ್ತವೆ ಎಂದಿರಿ;
ಹಲ್ಲಿಲ್ಲದವನ ಟ್ರಂಪೆಟ್ ಬರೀ ಕೊಳವೆ.
ಇಪ್ಪತ್ತಾರು ತಿಂಗಳು
ಮೇಣ ಮೆತ್ತಿ ಊದಿದೆ, ತುಟಿ ಒಳಗಿನಿಂದ ಹರಿಯಿತು.
ರೋಸಿನ ರಾತ್ರಿ ಮದುಮಗಳ ತಲೆಗೆ ತೆಂಗಿನಹಾಲು ಇಳಿಯುವಾಗ
ನನ್ನ ನಾಲಗೆಯ ಮೇಲೆ ಹಿತ್ತಾಳೆ, ಉಪ್ಪು,
ಜೇಬಿನ ಕರ್ಚೀಫಿನಲ್ಲಿ ಮಡಚಿಟ್ಟ ಕೆಂಪು.

ಬಿಚ್ಚಿದ ದಿನ ಕನ್ನಡಿ ಕೊಟ್ಟಿರಿ.
ಇಸ್ತ್ರಿ ಹಾಕಿದ ಅಂಗಿಯಷ್ಟು ನೇರ.
ನಾಲ್ಕು ಹಲ್ಲಿನ ಮೇಲೆ ಬಿಳಿ ಚೌಕಟ್ಟು, ಫೋಟೋ ತೆಗೆದ ಗೋಡೆಯ ಹಾಗೆ.
ಎಕ್ಸ್‌ರೇಯಲ್ಲಿ ಎರಡು ಬೇರು
ಬರೆದು ಬರೆದು ಸವೆದ ಪೆನ್ಸಿಲಿನಂತೆ ಮೊಂಡು.
ನಗಿ ಎಂದಿರಿ. ನಕ್ಕೆ.

ಮನೆಗೆ ಬಂದು ಊದಿದೆ.
ಶುದ್ಧ ಸ್ವರ. ಯಾರದ್ದೂ ಆಗಬಹುದಾದ ಸ್ವರ.
ರೆನಿಟಾ ಹೋಂವರ್ಕಿನಿಂದ ತಲೆ ಎತ್ತದೆ ಕೇಳಿದಳು:
"ಪಪ್ಪಾ, ಅದು ಮೊಬೈಲಾ?"

ಈಗ ರಾತ್ರಿ ಹಾಕಲು ಒಂದು ಪ್ಲಾಸ್ಟಿಕ್ ಕೊಟ್ಟಿದ್ದೀರಿ.
ಹಾಕದಿದ್ದರೆ ಹಲ್ಲು ಹಳೆ ಜಾಗಕ್ಕೆ ತಿರುಗುತ್ತದೆ,
ಅದಕ್ಕೆ ನೆನಪು ಜಾಸ್ತಿ ಎಂದು
ಬೆರಳೆತ್ತಿ ಎಚ್ಚರಿಸಿದ್ದೀರಿ.
ನೀಲಿ ಡಬ್ಬಿಯಲ್ಲಿ ಉಂಟು ಅದು, ಮಂಚದ ಪಕ್ಕ,
ಪಪ್ಪನ ಮೌತ್‌ಪೀಸಿಗೆ ತಾಗಿಕೊಂಡು.
ಸೋಮವಾರ ಹಾಕುತ್ತೇನೆ. ಬುಧವಾರವೂ ಹಾಕುತ್ತೇನೆ.
ಮುಂದಿನ ತಿಂಗಳು ನೀವು ಕೇಳಿದಾಗ
ದಿನಾ ಹಾಕ್ತೇನೆ ಎನ್ನುತ್ತೇನೆ,
ಸುಳ್ಳು ಹೇಳಬಾರದು, ನಿಜ,
ಆದರೆ ಬೊಂದೇಲಿನಲ್ಲಿ ಶನಿವಾರ ಮದುವೆ ಉಂಟು, ಡಾಕ್ಟ್ರೇ.