ಹಲಗೆಯ ಲೆಕ್ಕ

ಪ್ಲೈವುಡ್ಡು ಕೊಟ್ಟವನು ನಾನೇ, ಡೀನ್ ಮೇಡಂ.
ಎಂಟು ಹಲಗೆ, ಅರ್ಧ ಇಂಚಿನವು,
ಸೋಮವಾರ, ಮಧ್ಯಾಹ್ನ ಎರಡಕ್ಕೆ.
ರಸೀದಿ ಇದೆ, ನೋಡಿ.
ನೆಬ್ರಾಸ್ಕಾದ ಈ ಕಾಲೇಜಿನ ನಾಟಕ ವಿಭಾಗಕ್ಕೆ
ಇಪ್ಪತ್ತಾರು ವರ್ಷದಿಂದ ನಾನು ಬಡಗಿ.
ಅರಮನೆ, ಜೈಲು, ಮುರುಕು ಹಡಗು,
ಹಿಂದೆ ಮನೆಯೇ ಇಲ್ಲದ ನೂರಾರು ಬಾಗಿಲು
ಮಾಡಿದ್ದೇನೆ. ಯಾಕೆ ಎಂದು ಯಾರೂ ಕೇಳಿರಲಿಲ್ಲ.

ಹುಡುಗನ ಹೆಸರು ಬ್ರೆನ್ನನ್ ಹ್ರುಸ್ಕಾ.
ಅವನ ಮುತ್ತಜ್ಜ, ನನ್ನ ಅಜ್ಜಿ
ಇಬ್ಬರೂ ಬೊಹೀಮಿಯಾ ಬಿಟ್ಟು ಬಂದವರು.
'ಹುಲ್ಲುಹಾಸಿನ ಮೇಲೆ ಗಡಿಗೋಡೆ ನಿಲ್ಲಿಸುತ್ತೇವೆ,
ನಮ್ಮ ಮಾತೂ ಒಂದಿಷ್ಟು ಕೇಳಲಿ' ಅಂದ.
ನಯವಾದ ಹುಡುಗ. ಗರಗಸದ ಹತ್ತಿರ ಬರುವಾಗ
ಹೇಳದೆಯೇ ಕನ್ನಡಕ ಹಾಕಿಕೊಂಡ.

ಮಂಗಳವಾರ ಬಂದವಳು ಯರೆತ್ಸಿ ಓಲ್ವೆರಾ,
ನರ್ಸಿಂಗ್, ಎರಡನೇ ವರ್ಷ.
ಅಪ್ಪ ಮಾಂಸದ ಕಾರ್ಖಾನೆಯಲ್ಲಿ ರಾತ್ರಿಪಾಳಿ.
ಗೋಡೆಯೆದುರು ನಿಲ್ಲಲು ನಲವತ್ತು ಫಲಕ,
ಫಲಕಕ್ಕೆ ನಲವತ್ತು ಕೋಲು.
ಗೋಡೆ ಕೊಯ್ದು ಉಳಿದ ಪಟ್ಟಿಗಳಲ್ಲೇ
ಅವಳ ಕೋಲುಗಳನ್ನೂ ಸೀಳಿದೆ.
ಹೌದು, ಒಂದೇ ಮರ.
ಮರಕ್ಕೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.
'ಸಿಬುರು ಚುಚ್ಚದಂತೆ ಉಜ್ಜಿಕೊಡಿ,
ಹಿಡಿಯುವವರಲ್ಲಿ ಸಣ್ಣವರೂ ಇದ್ದಾರೆ' ಅಂದಳು.
ಉಜ್ಜಿಕೊಟ್ಟೆ. ಅದಕ್ಕೆ ರಸೀದಿ ಇಲ್ಲ.

ಬುಧವಾರದ್ದು ನಿಮಗೇ ಗೊತ್ತು.
ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ,
ಈ ಗೋಡೆಗೆ ಬರೀ ಬಾಯಿ.
ಈ ಕಡೆ ಬರೆದರು, ಆ ಕಡೆ ಬರೆದರು,
ಒಬ್ಬ ಮೊಟ್ಟೆ ಎಸೆದ,
ಒಬ್ಬಳು ತನ್ನಮ್ಮನ ಫೋಟೋ ಅಂಟಿಸಿದಳು,
ಯಾರೋ ಅದಕ್ಕೆ ಮೀಸೆ ಬಿಡಿಸಿದರು.
ಆಮೇಲೆ ಮೊದಲು ತಳ್ಳಿದವರು ಯಾರೋ.
ಟೀವಿಯವರು ಬರುವ ಹೊತ್ತಿಗೆ ಗೋಡೆ ಮಲಗಿತ್ತು,
ಎರಡೂ ಕಡೆಯವರು ಅದರ ಮೇಲೆಯೇ ನಿಂತು
ಕೂಗಾಡುತ್ತಿದ್ದರು.

ಗುರುವಾರ ನಿಮ್ಮ ಪತ್ರ ಬಂತು:
'ಎಲ್ಲ ದನಿಗಳನ್ನೂ ಗೌರವಿಸುತ್ತೇವೆ,
ಯಾರ ನೋವನ್ನೂ ಕಡೆಗಣಿಸುವುದಿಲ್ಲ.'
ಬೇಸರ ಮಾಡಿಕೊಳ್ಳಬೇಡಿ, ಮೇಡಂ,
ಅಡ್ಡಗೋಡೆ ಬಿದ್ದುಹೋದ ಮೇಲೂ
ಅದರ ಮೇಲೆ ದೀಪ ಇಟ್ಟವರನ್ನು
ನಾನು ಕಂಡದ್ದು ಅದೇ ಮೊದಲು.

ನಾನೇನು ಕಮ್ಮಿ?
ಇಬ್ಬರಿಗೂ ಕೊಯ್ದೆ, ಇಬ್ಬರಿಂದಲೂ ದುಡ್ಡು ಎಣಿಸಿಕೊಂಡೆ.
ನನ್ನಜ್ಜಿ ಹಡಗಿಳಿದಾಗ
ಅವಳ ಹೆಸರಿನ ಮೇಲಿದ್ದ ಪುಟ್ಟ ಕೊಂಬನ್ನು
ಗುಮಾಸ್ತನೊಬ್ಬ ಬಿಟ್ಟು ಬರೆದನಂತೆ.
ಸಾಯುವ ತನಕ ಅವಳು ಪೆನ್ಸಿಲಿನಲ್ಲಿ
ಅದನ್ನು ಮತ್ತೆ ಮತ್ತೆ ಹಚ್ಚುತ್ತಿದ್ದಳು,
ಬೈಬಲ್ಲಿನ ಮೊದಲ ಹಾಳೆಗೆ, ಬ್ಯಾಂಕಿನ ಕಾಗದಕ್ಕೆ,
ಸೌತೆಕಾಯಿ ಜಾಡಿಯ ಚೀಟಿಗೆ.
ಇದನ್ನು ಹ್ರುಸ್ಕಾಗೆ ಹೇಳೋಣ ಅಂದುಕೊಂಡೆ.
ಗರಗಸ ಓಡುತ್ತಿತ್ತು.

ಹಲಗೆ ಎಲ್ಲಿ ಅಂದಿರಲ್ಲ,
ಏಪ್ರಿಲ್ಲಿನ ನಗೆನಾಟಕದಲ್ಲಿ ನೀವೇ ನೋಡಿದ್ದೀರಿ.
ನೀಲಿ ಗೋಡೆಯ ಬೈಠಕ್‌ಖಾನೆ, ಮೂರು ಕೋಟು ಬಣ್ಣ.
ಎರಡನೇ ಅಂಕದಲ್ಲಿ ಪಕ್ಕದ ದೀಪ ಬಿದ್ದಾಗ
ಸೋಫಾದ ಮೇಲ್ಗಡೆ ಒಂದು ಪದ ಮೂಡಿತು:
ಮನೆ.
ಹಿಂದುಮುಂದಿನದು ಬಣ್ಣದಡಿ ಹೂತಿತ್ತು.
ಎರಡೂ ಕಡೆಯವರು ಬರೆದಿದ್ದ ಪದ ಅದು,
ಇದು ಯಾರದು ಎಂದು ತಿಳಿಯಲಿಲ್ಲ.
ಜನ ಬೇರೇನಕ್ಕೋ ನಗುತ್ತಿದ್ದರು.

ಇನ್ನೊಂದು ಬಾಕಿ ಇದೆ, ಬರೆದುಕೊಳ್ಳಿ.
ಯರೆತ್ಸಿ ಎರಡು ಕ್ಲಾಂಪು ಒಯ್ದಿದ್ದಳು,
ಮುಂಗಡ ಇಪ್ಪತ್ತು ಡಾಲರು.
ಒರೆಸಿ, ಎಣ್ಣೆ ಹಚ್ಚಿ
ಗುರುವಾರ ಬೆಳಿಗ್ಗೆ ಬಾಗಿಲಲ್ಲಿ ಇಟ್ಟು ಹೋಗಿದ್ದಾಳೆ.
ದುಡ್ಡಿಗೆ ಬರಲಿಲ್ಲ.
ನರ್ಸಿಂಗ್ ಕಚೇರಿಯಲ್ಲಿ ವಿಳಾಸ ಕೇಳಿದೆ, ಕೊಡುವುದಿಲ್ಲ ಅಂದರು.
ಸರಿಯೇ. ಯಾರು ಕೇಳಿದರೂ ಕೊಡಬೇಡಿ,
ನಾನು ಕೇಳಿದರೂ.
ಲಕೋಟೆ ಒಂದೂವರೆ ಇಂಚಿನ ಮೊಳೆಡಬ್ಬಿಯಲ್ಲಿದೆ.
ನನ್ನನ್ನು ತೆಗೆದುಹಾಕುವುದಾದರೆ
ಮುಂದೆ ಬರುವ ಬಡಗಿಗೆ
ಅದೊಂದು ಹೇಳಿಬಿಡಿ.